ಹಳೇ ಮಡಕೆ ನೀರು ಯಾಕೆ ತಣ್ಣಗಾಗಲ್ಲ, ಮಿಸ್?

ಫೆಬ್ರವರಿ ಕೊನೆಯ ವಾರ ನಮ್ಮ ಕಡೆಯ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲ್ ಸಿಗುವುದಿಲ್ಲ. 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಸಿ.ವಿ. ರಾಮನ್ ಅವರ 1928ರ ಶೋಧದ ನೆನಪಿಗೆ 1987ರಿಂದ ದೇಶದ ಶಾಲೆಗಳಲ್ಲೆಲ್ಲ ಆ ದಿನ ಹಬ್ಬ. ಹಿಂದಿನ ಸಂಜೆ ಅಪ್ಪಂದಿರು ಅಂಗಡಿ ಮುಂದೆ ಬೈಕ್ ನಿಲ್ಲಿಸಿಕೊಂಡು, "ಥರ್ಮಾಕೋಲ್ ಎರಡು ಶೀಟು, ಫೆವಿಕಾಲ್, ಹಸಿರು ಪೇಂಟು, ಸಿರಿಂಜ್ ನಾಲ್ಕು" ಎಂದು ಚೀಟಿ ಓದುತ್ತಿರುತ್ತಾರೆ. ಸಿರಿಂಜ್ ಕೇಳಿದರೆ ಜೆಸಿಬಿ. ಹಸಿರು ಪೇಂಟು ಕೇಳಿದರೆ ಮಳೆನೀರು ಕೊಯ್ಲು. ಅಡುಗೆ ಸೋಡಾ, ವಿನೆಗರ್, ಕೆಂಪು ಬಣ್ಣ ಮೂರನ್ನೂ ಕೇಳಿದರೆ ಜ್ವಾಲಾಮುಖಿ. ಮಾರನೇ ದಿನ ಯಾವ ಟೇಬಲ್ ಮೇಲೆ ಏನಿರುತ್ತದೆ ಅನ್ನುವುದು ನಮ್ಮ ಹೆಡ್‌ಮಾಸ್ತರಿಗಿಂತ ಅಂಗಡಿಯವನಿಗೇ ಚೆನ್ನಾಗಿ ಗೊತ್ತು.

ಅರಸೀಕೆರೆ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ವಿಜ್ಞಾನ ಹೇಳಿಕೊಡುವವಳು ನಾನು. ಮೇಳಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ಆಗಾಗ ತೀರ್ಪುಗಾರರ ಕುರ್ಚಿಯಲ್ಲೂ ಕೂರಿಸುತ್ತಾರೆ. ಎರಡೂ ಕಡೆ ನಿಂತು ನೋಡಿದ ಮೇಲೆ ಹೇಳುತ್ತಿದ್ದೇನೆ: ಜೆಸಿಬಿ ಮಾದರಿಯ ಮೇಲೆ ನನಗೇನೂ ಸಿಟ್ಟಿಲ್ಲ. ಎರಡು ಸಿರಿಂಜಿಗೆ ಒಂದು ಪೈಪು ಸಿಕ್ಕಿಸಿ, ನೀರು ತುಂಬಿ, ಇದನ್ನು ಒತ್ತಿದರೆ ಅದು ಏಳುತ್ತದೆ. ಪ್ಯಾಸ್ಕಲನ ನಿಯಮ ಮಗುವಿನ ಕೈಗೇ ಸಿಗುತ್ತದೆ, ಒಳ್ಳೆಯದೇ. ಆದರೆ ಆ ಮಗು ಅಲ್ಲಿ ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಉಳಿದಿಲ್ಲ; ಎಲ್ಲ ಯೂಟ್ಯೂಬಿನಲ್ಲಿ ಮೊದಲೇ ಮುಗಿದಿದೆ. ಅದೇ ಹುಡುಗ, "ದಪ್ಪ ಸಿರಿಂಜಿನ ಬದಲು ಸಣ್ಣದನ್ನು ಒತ್ತಿದರೆ ಎಷ್ಟು ಕಲ್ಲು ಎತ್ತುತ್ತೆ? ನೀರಿನ ಬದಲು ಬರೀ ಗಾಳಿ ಇದ್ದರೆ?" ಎಂದು ಕೇಳಿ, ಕಲ್ಲು ತೂಗಿ, ಬರೆದಿಟ್ಟುಕೊಂಡ ಅನ್ನಿ. ಅದೇ ನಾಲ್ಕು ಸಿರಿಂಜಿನಲ್ಲಿ ಪ್ರಾಜೆಕ್ಟ್ ಆಯಿತು.

ನನ್ನ ಅನುಭವದಲ್ಲಿ ಮಕ್ಕಳ ಪ್ರಾಜೆಕ್ಟ್ ಕೆಡುವುದು ಬುದ್ಧಿ ಸಾಲದೆ ಅಲ್ಲ, ದುಡ್ಡು ಸಾಲದೆಯೂ ಅಲ್ಲ. ಪ್ರಶ್ನೆ ವಿಪರೀತ ದೊಡ್ಡದಾಗಿರುವುದರಿಂದ. "ಜಾಗತಿಕ ತಾಪಮಾನ ಏರಿಕೆ ಮತ್ತು ಪರಿಹಾರಗಳು" ಎಂದು ಹನ್ನೆರಡು ವರ್ಷದ ಹುಡುಗಿ ಚಾರ್ಟ್ ಬರೆದು ತಂದರೆ ಪಾಪ, ಅವಳು ಏನು ಅಳೆಯಬೇಕು? ಎಲ್ಲಿ ಅಳೆಯಬೇಕು? ಹೀಗಾಗಿ ಪುಸ್ತಕ ನೋಡಿ ಬರೆಯುತ್ತಾಳೆ. ಮೇಷ್ಟ್ರು, ಅಪ್ಪ ಅಮ್ಮ ನಿಜವಾಗಿ ನೆರವಾಗಬೇಕಾದ ಜಾಗ ಇದೇ. ಪ್ರಶ್ನೆಯನ್ನು ಕುಗ್ಗಿಸುತ್ತಾ ಕುಗ್ಗಿಸುತ್ತಾ ಮಗು ತನ್ನ ಕೈಯಾರೆ ಅಳೆಯಬಲ್ಲಷ್ಟು ಸಣ್ಣದು ಮಾಡಿಕೊಡಬೇಕು. ಅಲ್ಲಿಂದಾಚೆ ನಮ್ಮ ಕೈ ಬೆನ್ನ ಹಿಂದೆ ಇರಬೇಕು.

ಇಷ್ಟು ಸಣ್ಣ ಪ್ರಶ್ನೆಯಿಂದ ಏನಾದೀತು ಅನ್ನುವವರಿಗೆ ನಾನು ಅಮೆರಿಕದ ಒಂದು ಹುಡುಗಿಯ ವಿಷಯ ಹೇಳುತ್ತೇನೆ. ಕೊಲರಾಡೊ ರಾಜ್ಯದ ಎಮಿಲಿ ರೋಸಾ. ನಾಲ್ಕನೇ ತರಗತಿಯಲ್ಲಿದ್ದಾಗ, ಒಂಬತ್ತು ವರ್ಷದವಳು, ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ಪ್ರಯೋಗ ಮಾಡಿದಳು. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಒಂದು ಚಿಕಿತ್ಸೆ ನಡೆಯುತ್ತಿತ್ತು. ರೋಗಿಯನ್ನು ಮುಟ್ಟದೆ, ಮೈಯಿಂದ ಸ್ವಲ್ಪ ಮೇಲೆ ಕೈಯಾಡಿಸಿ, ಅವರ ದೇಹದ ಸುತ್ತಲಿನ 'ಶಕ್ತಿ'ಯನ್ನು ಅಂಗೈಯಲ್ಲಿ ತಿಳಿದು ಸರಿಪಡಿಸುತ್ತೇವೆ ಎನ್ನುತ್ತಿದ್ದರು. ಇದರಿಂದ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಕೇಳಿದ್ದರೆ ಎಮಿಲಿಗೆ ಆಸ್ಪತ್ರೆ ಬೇಕಿತ್ತು, ನೂರಾರು ರೋಗಿಗಳು ಬೇಕಿತ್ತು. ಅವಳು ಕೇಳಿದ್ದು ಅದಕ್ಕಿಂತ ಎಷ್ಟೋ ಸಣ್ಣದು: ಪಕ್ಕದಲ್ಲಿ ಇನ್ನೊಬ್ಬರ ಕೈ ಇದೆ ಅನ್ನುವುದಾದರೂ ಇವರಿಗೆ ತಿಳಿಯುತ್ತದೆಯೇ?

ಒಂದು ರಟ್ಟಿನ ತಡಿಕೆ, ಅದಕ್ಕೆ ಎರಡು ಕಂಡಿ. ಚಿಕಿತ್ಸೆಯವರು ಕಂಡಿಯಲ್ಲಿ ಎರಡೂ ಕೈ ತೂರಿಸಿ ಅಂಗೈ ಮೇಲೆ ಮಾಡಿ ಕೂರಬೇಕು. ಆ ಕಡೆ ಎಮಿಲಿ ನಾಣ್ಯ ಚಿಮ್ಮಿ, ಅದು ಹೇಳಿದಂತೆ ಅವರ ಎಡಗೈ ಮೇಲೋ ಬಲಗೈ ಮೇಲೋ ತನ್ನ ಕೈ ಹಿಡಿಯುತ್ತಿದ್ದಳು. ಯಾವ ಕೈ ಹತ್ತಿರ ಇದೆ, ಹೇಳಿ. ಅಷ್ಟೇ. ಒಟ್ಟು 21 ಜನ, 280 ಸಲ. ಸರಿಯಾಗಿ ಹೇಳಿದ್ದು 123 ಸಲ, ಅಂದರೆ ನೂರಕ್ಕೆ 44. ಕಣ್ಣುಮುಚ್ಚಿ ಬಾಯಿಗೆ ಬಂದದ್ದು ಹೇಳಿದ್ದರೂ ಅರ್ಧದಷ್ಟು ಸರಿಯಾಗಬೇಕಿತ್ತು! 1998ರಲ್ಲಿ ಇದು ಅಮೆರಿಕದ ವೈದ್ಯರ ಸಂಘದ ಪ್ರತಿಷ್ಠಿತ ನಿಯತಕಾಲಿಕದಲ್ಲಿ ಅಚ್ಚಾಯಿತು. ಆಗ ಎಮಿಲಿಗೆ 11 ವರ್ಷ. ಲೇಖನ ಬರೆಯಲು ನರ್ಸ್ ಆಗಿದ್ದ ತಾಯಿ ಮತ್ತಿಬ್ಬರು ದೊಡ್ಡವರು ಜೊತೆಯಾದದ್ದು ನಿಜ. ತಡಿಕೆ, ನಾಣ್ಯ, ಪ್ರಶ್ನೆ ಮಾತ್ರ ಅವಳದೇ.

ನಮ್ಮಲ್ಲಿ ಮೇಳಗಳಿಗೇನು ಕೊರತೆಯಿಲ್ಲ, ಆದರೆ ಯಾವ ಮೇಳಕ್ಕೆ ಏನು ಬೇಕು ಅನ್ನುವುದನ್ನು ಕಲಸಿಕೊಳ್ಳುತ್ತೇವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಕೇಳುವುದು ಒಂದು ಐಡಿಯಾ. ಒಂದು ತೊಂದರೆಗೆ ಮಗು ಯೋಚಿಸಿದ ಉಪಕರಣವೋ ಉಪಾಯವೋ ಆಗಬೇಕು. ಶಾಲೆಯೇ ಆನ್‌ಲೈನಿನಲ್ಲಿ ಕಳಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೆ 10,000 ರೂಪಾಯಿ ಬೀಳುತ್ತದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ದಾರಿಯೇ ಬೇರೆ. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನ ಒಂದು ವಿಷಯವನ್ನು ತಾವೇ ತನಿಖೆ ಮಾಡಿ, ಅಂಕಿಅಂಶ ಕೂಡಿಸಿ, ವರದಿ ಬರೆದು ಮಂಡಿಸಬೇಕು. ಕನ್ನಡದಲ್ಲೇ ಮಂಡಿಸಬಹುದು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ಊರೂರಿಗೆ ಮುಟ್ಟಿಸಿದೆ. ಅಲ್ಲಿಗೆ ಥರ್ಮಾಕೋಲಿನ ಊರು ಕಟ್ಟಿಕೊಂಡು ಹೋದರೆ ನೋಡುವವರಿಲ್ಲ. ಇನ್ನು ಎನ್‌ಸಿಇಆರ್‌ಟಿ ಆಶ್ರಯದಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುವ ವಸ್ತುಪ್ರದರ್ಶನದಲ್ಲಿ ಮಾದರಿಗೇ ಮಾನ. ಮೊದಲು ಸುತ್ತೋಲೆ ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೋಗಿ. ಸುತ್ತೋಲೆ ಓದುವ ಅಭ್ಯಾಸ ನಮ್ಮ ಇಲಾಖೆಯವರಿಗೇ ಕಡಿಮೆ, ಆ ಮಾತು ಬೇರೆ.

ಈಗ ಮಡಕೆಯ ವಿಷಯಕ್ಕೆ ಬರುತ್ತೇನೆ.

ಏಳನೇ ತರಗತಿಯ ಇಬ್ಬರು ಹುಡುಗಿಯರು "ನೀರಿನ ಸಂರಕ್ಷಣೆ" ಅಂತ ವಿಷಯ ಹಿಡಿದುಕೊಂಡು ಬಂದರು. ನೀರು ಅಂದರೆ ಯಾವ ನೀರು ಅಂದೆ. ಕುಡಿಯೋ ನೀರು ಅಂದರು. ನಿಮ್ಮ ಮನೆಯಲ್ಲಿ ಕುಡಿಯುವ ನೀರು ಎಲ್ಲಿರುತ್ತೆ? ಒಬ್ಬಳು ಫಿಲ್ಟರ್ ಅಂದಳು, ಇನ್ನೊಬ್ಬಳು ಮಡಕೆ ಅಂದಳು. ಅಂದವಳೇ ಮುಂದುವರಿಸಿದಳು:

"ಈ ಸಲ ಹೊಸ ಮಡಕೆ ತರ್ಬೇಕು ಮಿಸ್. ಹಳೇದ್ರಲ್ಲಿ ನೀರು ತಣ್ಣಗಾಗಲ್ಲ ಅಂತ ನಮ್ಮಜ್ಜಿ ಬೈತಾವ್ರೆ."

"ನಿಜವಾಗ್ಲೂ ತಣ್ಣಗಾಗಲ್ವಾ?"

"ಅಜ್ಜಿ ಹೇಳ್ತಾರೆ."

"ಅಜ್ಜಿ ಹೇಳಿದ್ದು ಸರಿನಾ ಅಂತ ಹೆಂಗೆ ಗೊತ್ತಾಗುತ್ತೆ?"

ಇಬ್ಬರೂ ಮುಖಮುಖ ನೋಡಿಕೊಂಡರು. ನಾನು ಅಲ್ಲಿಗೇ ಸುಮ್ಮನಾದೆ. ಮಾರನೇ ದಿನ ಒಬ್ಬಳು ಮನೆಯಿಂದ ಜ್ವರ ನೋಡುವ ಥರ್ಮಾಮೀಟರ್ ತಂದಳು. ಮಡಕೆ ನೀರಿಗೆ ಅದ್ದಿದರೆ ಅದು ಏನನ್ನೂ ತೋರಿಸಲಿಲ್ಲ. ಯಾಕೆ? ಅದರ ಮೇಲಿನ ಅಂಕಿಗಳನ್ನು ಓದಿ ಅಂದೆ. 35ರಿಂದ 42. ಮಡಕೆ ನೀರು ಅಷ್ಟು ಬಿಸಿ ಇರುವುದಿಲ್ಲ ಅನ್ನುವುದು ಅವರಿಗೇ ಹೊಳೆಯಿತು. ಆಗ ಶಾಲೆಯ ಪೆಟ್ಟಿಗೆಯಿಂದ ಪ್ರಯೋಗಾಲಯದ ಥರ್ಮಾಮೀಟರ್ ತೆಗೆದೆವು. ಎರಡಿದ್ದವು. ಒಂದೇ ಲೋಟದ ನೀರಿನಲ್ಲಿ ಎರಡನ್ನೂ ಇಟ್ಟರೆ ಅರ್ಧ ಡಿಗ್ರಿ ವ್ಯತ್ಯಾಸ! ಯಾವುದು ಸುಳ್ಳು ಹೇಳುತ್ತಿದೆ ಎಂದು ಜಗಳವಾಯಿತು. ತೀರ್ಮಾನಿಸಲು ದಾರಿ ಇರಲಿಲ್ಲ, ಹಾಗಾಗಿ ಕೊನೆತನಕ ಒಂದೇ ಥರ್ಮಾಮೀಟರ್ ಬಳಸುವುದು ಎಂದು ಅವರೇ ನಿಯಮ ಮಾಡಿಕೊಂಡರು. ಉಪಕರಣ ಕಡಿಮೆ ಇದ್ದಾಗ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ.

ಸಂತೆಯಲ್ಲಿ ಒಂದು ಹೊಸ ಮಡಕೆ ಕೊಂಡರು. ಅಜ್ಜಿ ಮನೆಯ ಹಳೇ ಮಡಕೆ, ಬಿಸಿಯೂಟದ ಅಡುಗೆಮನೆಯ ಸ್ಟೀಲ್ ಬಿಂದಿಗೆ, ಮೂರಕ್ಕೂ ಐದೈದು ಲೀಟರ್ ನೀರು ತುಂಬಿ ವರಾಂಡದ ನೆರಳಲ್ಲಿ ಸಾಲಾಗಿ ಇಟ್ಟರು. ಬಿಂದಿಗೆ ಯಾಕೆ? ಅದರಿಂದ ನೀರು ಜಿನುಗುವುದಿಲ್ಲ. ಒಂದು ದಿನ ಬಿಸಿಲು, ಇನ್ನೊಂದು ದಿನ ಮೋಡ ಇದ್ದರೆ ಬರೀ ಮಡಕೆಯ ಅಂಕಿ ನೋಡಿ ಏನೂ ಹೇಳಲಾಗದು. ಬಿಂದಿಗೆಗಿಂತ ಮಡಕೆ ಎಷ್ಟು ತಣ್ಣಗಿದೆ ಅನ್ನುವ ವ್ಯತ್ಯಾಸ ಹಿಡಿದರೆ ಹವಾಮಾನದ ಆಟ ಬಹುಮಟ್ಟಿಗೆ ಕಳೆಯುತ್ತದೆ. ಇದನ್ನು ನಾನು ಹೇಳಿಕೊಟ್ಟದ್ದು, ಒಪ್ಪುತ್ತೇನೆ. ಕೆಲವನ್ನು ಹೇಳಿಕೊಡಲೇಬೇಕು.

ಮೊದಲ ದಿನದ ಲೆಕ್ಕವೇ ತಲೆಕೆಳಗಾಯಿತು. ಸಂಜೆ ಅಳತೆ ಜಾಡಿಯಲ್ಲಿ ಅಳೆದರೆ ಹೊಸ ಮಡಕೆಯಲ್ಲಿ ಬೇಕಾದಷ್ಟು ನೀರೇ ಇಲ್ಲ. ಇಷ್ಟೊಂದು ಆವಿಯಾಯಿತಾ? ನೀರು ಅಷ್ಟೇನೂ ತಣ್ಣಗಾಗಿರಲಿಲ್ಲ. ಅಡುಗೆಯಮ್ಮ ಪಾತ್ರೆ ತೊಳೆಯುತ್ತಾ ಅಲ್ಲಿಂದಲೇ ಕೂಗಿದರು: "ಹೊಸ ಮಡಕೆ ನೀರು ಕುಡಿಯುತ್ತೆ ಕಣ್ರವ್ವ, ಒಂದು ರಾತ್ರಿ ನೆನೆಹಾಕಿ!" ಒಣ ಮಣ್ಣು ಮೊದಲು ತಾನು ನೀರು ಹೀರಿಕೊಳ್ಳುತ್ತದೆ. ನೆನೆಸಿದ ಮೇಲೆ ಅಂಕಿಗಳು ದಾರಿಗೆ ಬಂದವು. ಆ ದಿನದ ಪುಟವನ್ನು ಹರಿದು ಹಾಕಲು ಹೋಗಿದ್ದರು. ಬೇಡ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ ಅಂದೆ.

ಎರಡನೇ ತೊಂದರೆ ಇನ್ನೂ ಮಜವಾಗಿತ್ತು. ಮಡಕೆ ನೀರು ತಣ್ಣಗಿದೆ ಅನ್ನುವ ಸುದ್ದಿ ಐದನೇ ತರಗತಿಗೆ ಗೊತ್ತಾಯಿತು. "ಪ್ರಯೋಗದ ನೀರು, ಕುಡಿಯಬೇಡಿ" ಎಂದು ಬೋರ್ಡ್ ಹಾಕಿದ ಮೇಲೆ ಕುಡಿಯುವವರು ಹೆಚ್ಚಾದರು. ಸರಿ, ಮೂರನ್ನೂ ಸ್ಟಾಫ್ ರೂಮಿನ ಮೂಲೆಗೆ ಸಾಗಿಸಿದರು. ಅಲ್ಲಿ ಹೊಸ ಮಡಕೆಯೂ ಮೊದಲಿನಷ್ಟು ತಣ್ಣಗಾಗಲಿಲ್ಲ. ಕಿಟಕಿ ಇಲ್ಲದ ಮೂಲೆ, ಗಾಳಿ ಆಡುವುದಿಲ್ಲ. ಹೊರಗೆ ಜಿನುಗಿದ ನೀರು ಆವಿಯಾಗಬೇಕಾದರೆ ಸುತ್ತಲಿನ ತೇವದ ಗಾಳಿ ಸರಿದು ಒಣಗಾಳಿ ಬರಬೇಕು. ಮಳೆಗಾಲದಲ್ಲಿ ಮಡಕೆ ಕೆಲಸ ಮಾಡದಿರುವುದೂ ಇದಕ್ಕೇ. ಅವರು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿತ್ತು. ಅದನ್ನೂ ಬರೆದುಕೊಂಡು, ಮಡಕೆಗಳನ್ನು ವರಾಂಡಕ್ಕೆ ವಾಪಸ್ ತಂದು, ಬಾಯಿಗೆ ಬಟ್ಟೆ ಕಟ್ಟಿದರು.

ಅಜ್ಜಿ ಹೇಳಿದ್ದು ಸರಿಯಾಗಿತ್ತು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಹೊಸ ಮಡಕೆಯ ನೀರು ಬಿಂದಿಗೆಗಿಂತ ಐದು ಡಿಗ್ರಿಯ ಆಸುಪಾಸು ತಣ್ಣಗಿದ್ದರೆ ಹಳೇದು ಎರಡು ಡಿಗ್ರಿಗೇ ನಿಲ್ಲುತ್ತಿತ್ತು. ಇಷ್ಟಕ್ಕೆ ಮುಗಿಸಿ ಚಾರ್ಟ್ ಬರೆಯಬಹುದಿತ್ತು. ಆದರೆ ಒಬ್ಬಳು ತಕರಾರು ತೆಗೆದಳು. ಹಳೇ ಮಡಕೆಯ ಹೊಟ್ಟೆ ದೊಡ್ಡದು, ಬಾಯಿ ಅಗಲ, ಮಾಡಿದ ಕುಂಬಾರರೂ ಬೇರೆ. "ಹಳೇದಾಗಿದ್ದಕ್ಕೇ ಹಿಂಗೆ ಅಂತ ಹೆಂಗೆ ಹೇಳೋದು ಮಿಸ್? ಆಕಾರಕ್ಕೂ ಇರಬಹುದಲ್ವಾ?" ನಾನು ಮೇಳಗಳಲ್ಲಿ ಕೂತು ಕೇಳಿದ ಎಷ್ಟೋ ಭಾಷಣಗಳಿಗಿಂತ ತೂಕದ ಮಾತು ಅದು.

ಹಾಗಾದರೆ ಒಂದೇ ಮಡಕೆಯನ್ನು ಅದರ ಜೊತೆಗೇ ಹೋಲಿಸಬೇಕು. ಹಳೇ ಮಡಕೆಯ ಹೊರಮೈಯಲ್ಲಿ ಬಿಳಿ ಪೊರೆ ಕಟ್ಟಿತ್ತು. ನಮ್ಮ ಕಡೆ ಎಲ್ಲ ಕೊರೆಬಾವಿಯ ಗಡಸು ನೀರು. ನೀರು ಆವಿಯಾಗಿ ಹೋಗುವಾಗ ಕರಗಿದ್ದ ಲವಣಗಳನ್ನು ಅಲ್ಲೇ ಬಿಟ್ಟು ಹೋಗುತ್ತದೆ, ವರ್ಷಾನುಗಟ್ಟಲೆ ಸೇರಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈ ಪೊರೆ ತೆಗೆದರೆ ಮಡಕೆ ಮತ್ತೆ ತಣ್ಣಗಾಗಿಸುತ್ತದೆಯೇ? ಅಜ್ಜಿಯನ್ನು ಕೇಳಿಕೊಂಡು ಬಂದರು: ಬಿಸಿಲಿಗೆ ಒಣಗಿಸಬೇಕು, ತೆಂಗಿನ ನಾರಿನಲ್ಲಿ ಉಜ್ಜಬೇಕು, ನಿಂಬೆಹುಳಿ ಹಚ್ಚಬೇಕು. ಮೂರನ್ನೂ ಒಂದೇ ದಿನ ಮಾಡಿಬಿಡೋಣ ಅಂದಳು ಒಬ್ಬಳು. ಹಾಗೆ ಮಾಡಿದರೆ ಯಾವುದರಿಂದ ಆಯ್ತು ಅಂತ ಗೊತ್ತಾಗಲ್ಲ ಅಂದಳು ಇನ್ನೊಬ್ಬಳು. ಹೀಗಾಗಿ ಒಂದೊಂದನ್ನೇ ಮಾಡಿ, ಪ್ರತಿಸಲವೂ ಮತ್ತೆ ನೀರು ತುಂಬಿ, ಮೂರು ದಿನ ಅಳೆದು, ಸರಾಸರಿ ತೆಗೆದರು. ಬಿಸಿಲಿಗೆ ಒಣಗಿಸಿದ್ದರಿಂದ ಏನೂ ಆಗಲಿಲ್ಲ. ಉಜ್ಜಿದ್ದರಿಂದ ಒಂದಿಷ್ಟು. ನಿಂಬೆರಸ ಹಚ್ಚಿದಾಗ ಬಿಳಿ ಪೊರೆಯ ಮೇಲೆ ಸಣ್ಣ ಗುಳ್ಳೆಗಳು ಎದ್ದವು. ಸುಣ್ಣದಂಥ ಕಾರ್ಬೊನೇಟಿಗೆ ಹುಳಿ ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುವುದು ಅವರ ಪಾಠದಲ್ಲೇ ಇದೆ, ಆದರೆ ಆ ದಿನ ಇಬ್ಬರೂ ಮಡಕೆಗೆ ಮೂಗು ತಾಗಿಸಿಕೊಂಡು ನೋಡಿದರು. ಅದಾದ ಮೇಲೆ ವ್ಯತ್ಯಾಸ ಮೂರು ಡಿಗ್ರಿ ದಾಟಿತು. ಹೊಸದರಷ್ಟಾಗಲಿಲ್ಲ.

ಕೊನೆಗೆ ಒಂದು ಲೆಕ್ಕ ಮಾಡಿಸಿದೆ. ನಮ್ಮ ಹವೆಯ ಬಿಸಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. (ಪುಸ್ತಕದಲ್ಲಿರುವ 540 ಕುದಿಯುವ ನೀರಿನದು.) ನೂರು ಗ್ರಾಂ ಜಿನುಗಿ ಆವಿಯಾದರೆ 58,000 ಕ್ಯಾಲೊರಿ. ಅಷ್ಟನ್ನೂ ಮಡಕೆಯ ಐದು ಲೀಟರ್ ನೀರಿನಿಂದಲೇ ಕಿತ್ತುಕೊಂಡಿದ್ದರೆ ಅದು ಹನ್ನೊಂದೂವರೆ ಡಿಗ್ರಿ ಇಳಿಯಬೇಕು. ಇಳಿದಿರಲಿಲ್ಲ. ಉಳಿದ ಶಾಖ ಎಲ್ಲಿಂದ ಬಂತು? ಹೊರಗಿನ ಬಿಸಿಗಾಳಿ ಮಡಕೆಯನ್ನು ಸದಾ ಕಾಯಿಸುತ್ತಲೇ ಇರುತ್ತದೆ ಎನ್ನುವಷ್ಟರ ಹೊತ್ತಿಗೆ ಗಂಟೆ ಹೊಡೆಯಿತು, ಯಾರೂ ಎದ್ದು ಹೋಗಲಿಲ್ಲ.

ಇದಕ್ಕೆಲ್ಲ ಆದ ಖರ್ಚು ಒಂದು ಮಡಕೆ, ನಾಲ್ಕು ನಿಂಬೆಹಣ್ಣು, ಒಂದು ನೋಟ್‌ಬುಕ್ಕು. ದುಡ್ಡಿಗಿಂತ ಬೇಕಾದದ್ದು ದಿನಗಳು. ಮೇಳದ ತಾರೀಖಿನಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳುತ್ತೇನೆ. ಕೊನೆಯ ವಾರ ಚಾರ್ಟು ಮತ್ತು ಮಾತಿನ ಅಭ್ಯಾಸಕ್ಕೆ. ಅದರ ಹಿಂದಿನ ಎರಡು ವಾರವನ್ನು ಖಾಲಿ ಬಿಡಿ. ಜ್ವರ, ಜಾತ್ರೆ, ಕಿರುಪರೀಕ್ಷೆ, ಥರ್ಮಾಮೀಟರ್ ಒಡೆಯುವುದು ಎಲ್ಲ ಅಲ್ಲಿಗೇ ಬೀಳುತ್ತವೆ. ಅಳತೆಗೆ ಮೂರು ವಾರ. ಪ್ರಶ್ನೆ ಕುಗ್ಗಿಸಲು ಎರಡು ವಾರವಾದರೂ ಬೇಕು. ಒಟ್ಟು ಎಂಟು ವಾರ. ಫೆಬ್ರವರಿ 28ಕ್ಕೆ ತಯಾರಾಗಬೇಕಾದರೆ ಜನವರಿ ಹುಟ್ಟುತ್ತಲೇ ಮಾತು ಶುರುವಾಗಬೇಕು.

ನೋಟ್‌ಬುಕ್ಕಿನ ಬಗ್ಗೆ ನಾನು ಸ್ವಲ್ಪ ಹಠಮಾರಿ. ಪೆನ್ನಿನಲ್ಲೇ ಬರೆಯಬೇಕು, ತಾರೀಖು ಗಂಟೆ ಹಾಕಬೇಕು, ನೀಟಾಗಿ ಪ್ರತಿ ತೆಗೆಯಬಾರದು. ತೀರ್ಪುಗಾರಳಾಗಿ ಕೂತಾಗ ನಾನು ಮೊದಲು ಕೇಳುವುದು ಆ ಕೊಳಕು ಪುಸ್ತಕವನ್ನೇ. ಆಮೇಲೆ ಕೇಳುವುದು: "ಇದನ್ನು ಮಾಡುವಾಗ ಏನು ಕೆಟ್ಟೋಯ್ತು?" ತಾನೇ ಮಾಡಿದ ಮಗುವಿನ ಬಾಯಿ ಅಲ್ಲಿಂದ ನಿಲ್ಲುವುದಿಲ್ಲ. ಅಪ್ಪ ಮಾಡಿಕೊಟ್ಟದ್ದಾದರೆ ಮಗು ಹಿಂದಕ್ಕೆ ತಿರುಗಿ ಅಪ್ಪನ ಮುಖ ನೋಡುತ್ತದೆ.

ಬೀಜ ಮೊಳೆಸುವ ಪ್ರಯೋಗಗಳು ಪ್ರತಿವರ್ಷ ಬರುತ್ತವೆ, ಬರಲಿ. ಆದರೆ ಐದೈದು ಕಾಳು ಇಟ್ಟುಕೊಂಡು ಸೋಪಿನ ನೀರಲ್ಲಿ ಮೂರು ಮೊಳೆತವು, ಒಳ್ಳೆ ನೀರಲ್ಲಿ ನಾಲ್ಕು ಮೊಳೆತವು ಎಂದರೆ ಏನನ್ನೂ ಹೇಳಿದ ಹಾಗಾಗಲಿಲ್ಲ. ಐದರಲ್ಲಿ ಒಂದು ಕಾಳು ಹುಳುಕಾಗಿದ್ದರೂ ಲೆಕ್ಕ ನೂರಕ್ಕೆ ಇಪ್ಪತ್ತು ಕದಲುತ್ತದೆ. ಐವತ್ತು ಕಾಳು ಇಡಿ. ಅಲಸಂದೆಯೋ ಹೆಸರೋ ಆಗಲಿ, ರಾಗಿ ಬೇಡ, ಎಣಿಸುವಷ್ಟರಲ್ಲಿ ಕಣ್ಣು ಹೋಗುತ್ತದೆ. ಪೇಟೆಯ ಮಕ್ಕಳಿಗೆ ಇಡ್ಲಿ ಹಿಟ್ಟು ಒಳ್ಳೆಯ ವಸ್ತು. ನೆಟ್ಟಗಿನ ಗಾಜಿನ ಲೋಟಗಳಲ್ಲಿ ಒಂದೇ ಮಟ್ಟಕ್ಕೆ ಹಿಟ್ಟು ಹಾಕಿ, ರಬ್ಬರ್ ಬ್ಯಾಂಡಿನಲ್ಲಿ ಗುರುತು ಮಾಡಿ, ಉಪ್ಪು ಮೊದಲೇ ಹಾಕಿದ್ದು, ಹಾಕದೇ ಬಿಟ್ಟದ್ದು, ಮೆಂತ್ಯ ಸೇರಿಸಿದ್ದು ಎಂದು ಗಂಟೆಗೊಮ್ಮೆ ಸ್ಕೇಲ್ ಹಿಡಿದು ಎಷ್ಟು ಉಬ್ಬಿತು ನೋಡಬಹುದು. ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬಿಡುವ ಅನಿಲ. ಅಮ್ಮಂದಿರು ಇದರಲ್ಲಿ ಎಷ್ಟು ಗಟ್ಟಿಯಾದ ಅಭಿಪ್ರಾಯ ಇಟ್ಟುಕೊಂಡಿರುತ್ತಾರೆಂದರೆ ಮಗುವಿಗೆ ಪರೀಕ್ಷಿಸಲು ವಿಷಯ ತಾನಾಗಿ ಸಿಗುತ್ತದೆ.

ಬೇಡ ಅನ್ನುವುದೂ ನಮ್ಮ ಕೆಲಸವೇ. ಗೋಡೆಯ ಪ್ಲಗ್ಗಿನ 230 ವೋಲ್ಟ್‌ಗೆ ನೇರ ಸಿಕ್ಕಿಸುವುದು ಯಾವುದೂ ಬೇಡ, ಬ್ಯಾಟರಿ ಸಾಕು. ಪ್ಲಾಸ್ಟಿಕ್ ಸುಟ್ಟು ಪೆಟ್ರೋಲ್ ತೆಗೆಯುತ್ತೇವೆ ಅನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಬ್ರೆಡ್ಡಿನ ಮೇಲೆ ಬೂಷ್ಟು ಬೆಳೆಸಿದರೆ ಕವರಿನ ಬಾಯಿ ಬಿಚ್ಚುವಂತಿಲ್ಲ, ಹೊರಗಿನಿಂದಲೇ ನೋಡಿ ಹಾಗೇ ಎಸೆಯಬೇಕು.

ಮಂಡಿಸುವ ದಿನ ಕನ್ನಡ ಶಾಲೆಯ ಮಕ್ಕಳಿಗೂ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಉರು ಹೊಡೆಸಿ ಕಳಿಸುವ ಚಾಳಿ ಇದೆ. ಎರಡನೇ ವಾಕ್ಯದಲ್ಲಿ ಮರೆತುಹೋದರೆ ಮಗು ಅಳುತ್ತದೆ. ಅದರ ಬದಲು ತರಗತಿಯ ತುಂಟರ ಮುಂದೆ ಒಮ್ಮೆ ನಿಲ್ಲಿಸಿ. ಅವರಷ್ಟು ಕಠಿಣ ತೀರ್ಪುಗಾರರು ಜಿಲ್ಲೆಯಲ್ಲಿ ಸಿಗುವುದಿಲ್ಲ. ಗೊತ್ತಿಲ್ಲದ್ದಕ್ಕೆ "ಅದನ್ನು ನಾವು ನೋಡಿಲ್ಲ ಸಾರ್" ಅನ್ನುವುದನ್ನೂ ಅಭ್ಯಾಸ ಮಾಡಿಸಿ. ಮಡಕೆ ಹುಡುಗಿಯರನ್ನು ಒಬ್ಬ ತೀರ್ಪುಗಾರರು, "ಇದರಿಂದ ಸಮಾಜಕ್ಕೆ ಏನಮ್ಮ ಉಪಯೋಗ?" ಎಂದು ಕೇಳಿದರು. "ನಮ್ಮೂರಲ್ಲಿ ತಣ್ಣಗಾಗಲ್ಲ ಅಂತ ಮಡಕೆ ಬಿಸಾಕ್ತಾರೆ ಸಾರ್. ಎರಡು ನಿಂಬೆಹಣ್ಣು ಹಾಕಿದ್ರೆ ಇನ್ನೊಂದು ಬೇಸಿಗೆ ಓಡುತ್ತೆ" ಅಂದಳು ಚಿಕ್ಕವಳು. ಬಹುಮಾನ ಕೈ ಕುಲುಕುವ ರೋಬೋಟಿಗೆ ಹೋಯಿತು. ಅದು ಚೆನ್ನಾಗೇ ಇತ್ತು, ರಿಮೋಟ್ ಹಿಡಿದು ಹಿಂದೆ ನಿಂತಿದ್ದ ಚಿಕ್ಕಪ್ಪನೂ ಚೆನ್ನಾಗಿ ಕೆಲಸ ಮಾಡಿದರು.

ಈ ವರ್ಷ ಎಂಟನೇ ತರಗತಿಯ ಹುಡುಗನೊಬ್ಬ "ತೆಂಗಿನ ರೋಗಗಳು" ಎಂದು ಬಂದಿದ್ದಾನೆ. ಮೊದಲ ವಾರ "ನುಸಿ" ಎಂಬಲ್ಲಿಗೆ ಇಳಿಸಿದೆವು. ಎರಡನೇ ವಾರದ ಹೊತ್ತಿಗೆ ಪ್ರಶ್ನೆ ಇಷ್ಟಾಗಿದೆ: ಅವರ ತೋಟದಲ್ಲಿ ರಸ್ತೆ ಬದಿಯ ಸಾಲಿನ ಮರಗಳಲ್ಲಿ ನೂರು ಕಾಯಿಗೆ ಎಷ್ಟು ನುಸಿ ಹತ್ತಿದವು, ಒಳಸಾಲಿನಲ್ಲಿ ಎಷ್ಟು? ಕಾಯಿ ಕೀಳುವ ದಿನ ಎರಡು ರಾಶಿ ಬೇರೆ ಬೇರೆ ಹಾಕಿಸಿ ಎಣಿಸಬೇಕು. ಅವನ ತಾತನಿಗೆ ಆಗಲೇ ತಕರಾರಿದೆ. ನಿನ್ನೆ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಅಂದರು: "ಅಲ್ಲ ಕಣಮ್ಮ, ಬೋರ್ ಪಕ್ಕದ ನಾಕು ಮರಕ್ಕೆ ಯಾವಾಗ್ಲೂ ನೀರು ಜಾಸ್ತಿ. ಅವನ್ನೂ ಲೆಕ್ಕಕ್ಕೆ ತಗಂಡ್ರೆ ನಿಮ್ಮ ಲೆಕ್ಕ ಕೆಟ್ಟೋಗಲ್ವಾ?"